ಸೂರ್ಯ ಮುಳುಗದ ಊರಿನ ರಾಹುಕಾಲ

ಒಬ್ಬರ ಪತನವೇ ಇನ್ನೊಬ್ಬರ ಉತ್ಥಾನವಾಗುವುದು ಈ ಲೋಕದ ಕ್ರೂರ ನಿಯಮಗಳಲ್ಲಿ ಒಂದು. ಸಾಮ್ರಾಜ್ಯಗಳು, ಮನೆತನಗಳು, ದೊಡ್ಡ ದೊಡ್ಡ ಸಿದ್ಧಾಂತಗಳು ಎಲ್ಲವೂ ಇದಕ್ಕೆ ತಲೆಬಾಗಿವೆ. ಇದನ್ನು ನಾನು ಯಾವ ಗ್ರಂಥದಿಂದಲೂ ತಿಳಿದುಕೊಂಡವನಲ್ಲ. ಬೆಳಗ್ಗೆ ಕಾಫಿ ಕುಡಿಯುತ್ತ ಕೂತಿದ್ದಾಗ ಮಹಡಿಯ ಮೇಲೆ ಯಾರೋ ಧೊಪ್ಪೆಂದು ನೆಗೆದು, ಚಾವಣಿಯ ಗಾರೆ ಚೂರೊಂದು ಉದುರಿ ನನ್ನ ಲೋಟಕ್ಕೆ ಬಿದ್ದಾಗ ತಿಳಿದುಕೊಂಡೆ. ರೂಪಾಯಿ ಬಿದ್ದಿತ್ತು. ಆ ಸಂತೋಷಕ್ಕೆ ನಮ್ಮ ಬಾಡಿಗೆದಾರರು ಕುಣಿದಿದ್ದರು.

ಅವರು ಈಗ ನಮ್ಮೊಂದಿಗಿಲ್ಲ. ಊರಾಚೆ ಬೋಗಾದಿಯಲ್ಲಿದ್ದಾರೆ. ಮೈಸೂರಿನ ಹಳೆಯ ಕೃಷ್ಣಮೂರ್ತಿಪುರಂನವರಾದ ನಮಗೆ ಈ ಎರಡು ಸ್ಥಿತಿಗಳ ನಡುವೆ ಹೆಚ್ಚಿನ ವ್ಯತ್ಯಾಸ ಕಾಣದಿದ್ದರೂ, ಸಿಟಿ ಬಸ್ಸಿನಲ್ಲಿ ಹೋಗಿ ನೋಡಿಕೊಂಡು ಬರಬಹುದೆಂಬ ಅನುಕೂಲ ಬೋಗಾದಿಗಿದೆ. ಅವರಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ನಾನಾಗಲಿ ನನ್ನ ಹೆಂಡತಿ ಸರೋಜಳಾಗಲಿ ಅದನ್ನು ಬಳಸಿದವರಲ್ಲ. ಮಹಡಿಯಲ್ಲಿದ್ದರು, ಆದ್ದರಿಂದ ಮಹಡಿಯವರು. "ಮಹಡಿಯವರಿಗೆ ಸಾರು ಕೊಟ್ಟು ಬನ್ನಿ" ಎಂದರೆ ನಾನು ಎರಡನೇ ಮಾತಿಲ್ಲದೆ ಮೆಟ್ಟಿಲು ಹತ್ತುತ್ತಿದ್ದೆ.

ಟಿ. ನರಸೀಪುರದ ಕಡೆಯ ಒಕ್ಕಲು ಮನೆತನದವರು. ನಲವತ್ತು ದಾಟಿದ ವಯಸ್ಸು, ಗಟ್ಟಿ ಮೈಕಟ್ಟು, ಕಬ್ಬಿನ ಗಾಡಿಗೆ ಹೆಗಲು ಕೊಡಲು ಹೇಳಿ ಮಾಡಿಸಿದಂಥ ತೋಳು. ಆ ತೋಳಿನ ತುದಿಯಲ್ಲಿ ಹಲ್ಲುಕಡ್ಡಿಯಷ್ಟು ಸಪೂರವಾದ ಪೆನ್ನು ಹಿಡಿದು ಅವರು ದಿನವಿಡೀ ಬರೆಯುತ್ತಿದ್ದದ್ದು ಚಿತ್ರಕಥೆ. ಸಣ್ಣ ಸಣ್ಣ ಚೌಕ, ಚೌಕದೊಳಗೆ ಮನುಷ್ಯರು, ಮನುಷ್ಯರ ಬಾಯಿಂದ ಹೊರಟ ಮಾತಿನ ಗುಳ್ಳೆ. ಯಾವ ಕಂಪನಿಯ ನೌಕರರೂ ಅಲ್ಲ. ಕೆಲಸ ಕೊಟ್ಟವರೆಲ್ಲ ಸಮುದ್ರದಾಚೆಯವರು, ಕೂಲಿ ಬರುವುದು ಡಾಲರಿನಲ್ಲಿ. ಹೀಗಾಗಿ ನರಸೀಪುರದ ಈ ಗೃಹಸ್ಥರು ಪ್ರತಿದಿನ ಬೆಳಗ್ಗೆ ಹಲ್ಲುಜ್ಜುವ ಮುಂಚೆ ನೋಡುತ್ತಿದ್ದದ್ದು ದೇವರ ಪಟವನ್ನಲ್ಲ, ಡಾಲರಿನ ದರವನ್ನು.

ದರ ಏರಿದರೆ ನೆಗೆಯುತ್ತಿದ್ದರು. ನೆಗೆದ ಮರುಕ್ಷಣವೇ ಅವರಿಗೆ ದೇಶದ ನೆನಪಾಗುತ್ತಿತ್ತು. ಮುಖವನ್ನು ಸಾವಿನ ಮನೆಗೆ ಹೊರಟವರಂತೆ ಮಾಡಿಕೊಂಡು ಕೆಳಗಿಳಿದು ಬರುತ್ತಿದ್ದರು.

"ಎಂಗಾಗೋಯ್ತು ನೋಡಿ ಸಾರ್ ದೇಶ. ರೂಪಾಯಿ ಇನ್ನೂ ಬಿದ್ದೋಯ್ತು."

"ಪಾಪ."

"ಬಡವ್ರ ಗತಿ ಏನು. ಪೆಟ್ರೋಲು, ಎಣ್ಣೆ, ಎಲ್ಲಾ ಮೇಲ್ಕೋಯ್ತವೆ."

"ಹೋಗ್ತವೆ."

"ಬನ್ನಿ ಸಾರ್, ಮಸಾಲೆ ದೋಸೆ ತಿನ್ಕೊಂಡ್ ಬರನ."

ರೂಪಾಯಿಯ ಪ್ರತಿಯೊಂದು ದುರ್ಗತಿಗೂ ನಾನು ಹೀಗೆ ದೋಸೆ ತಿಂದು ಸಂತಾಪ ಸೂಚಿಸಿದ್ದೇನೆ. ರೂಪಾಯಿ ಚೇತರಿಸಿಕೊಂಡ ದಿನ ಅವರು ದೇಶಕ್ಕೆ ಒಳ್ಳೆಯದಾಯಿತೆಂದು ಒಪ್ಪಿಕೊಳ್ಳುತ್ತಿದ್ದರು, ಆದರೆ ದೋಸೆ ಕೊಡಿಸುತ್ತಿರಲಿಲ್ಲ. ಸ್ವಾತಂತ್ರ್ಯ ದಿನದಂದು ಮಾತ್ರ ದರವನ್ನೇ ನೋಡುವುದಿಲ್ಲವೆಂದು ವ್ರತ ಹಿಡಿದಿದ್ದರು. "ಇವತ್ತೊಂದಿನ ರೂಪಾಯಿ ಚೆನ್ನಾಗಿರ್ಲಿ ಬುಡಿ ಸಾರ್" ಎನ್ನುತ್ತಿದ್ದರು. ಆ ದಿನ ಪೇಟೆಗೆ ರಜ ಎಂಬುದು ಅವರಿಗೂ ಗೊತ್ತಿತ್ತು.

ನಾನು ಹೇಳಹೊರಟಿರುವ ವರ್ಷ ಅವರ ಕೈಗೆ ಒಂದು ದೊಡ್ಡ ಪುಸ್ತಕ ಬಂದಿತ್ತು. ನಾರ್ವೆ ದೇಶದ ತೀರ ಉತ್ತರದ ಊರೊಂದರ ಪ್ರಕಾಶಕರು ಕೊಟ್ಟದ್ದು. ಮೀನುಗಾರರ ಒಂದು ಹಳ್ಳಿ, ಅವರ ಬಲೆಗಳನ್ನು ಕದಿಯುವ ಸಮುದ್ರದ ಮಾಟಗಾತಿ, ಅವಳನ್ನು ಹಿಡಿಯಲು ಹೋಗಿ ಮುಳುಗಿ ಸಾಯುವ ಮುದಿ ಕಪ್ತಾನ, ನಡುನಡುವೆ ತಿಮಿಂಗಿಲ, ಎಲ್ಲೆಲ್ಲೂ ಹಿಮ. ಮಹಡಿಯವರು ಸಮುದ್ರ ನೋಡಿದ್ದು ಒಮ್ಮೆ, ಮದುವೆಯಾದ ಹೊಸತರಲ್ಲಿ, ಉಡುಪಿಗೆ ಹೋದಾಗ. ಹಿಮ ನೋಡಿದ್ದು ನಮ್ಮ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ. ಕೆಳಗೆ ಬಂದು, ಆ ಬಾಗಿಲು ತೆಗೆದು, ಬೆನ್ನ ಹಿಂದೆ ಕೈಕಟ್ಟಿಕೊಂಡು, ಬೆಟ್ಟದ ತುದಿಯಿಂದ ಕಣಿವೆ ನೋಡುವವರ ಹಾಗೆ ನಿಂತುಬಿಡುತ್ತಿದ್ದರು.

"ಕರೆಂಟ್ ಬಿಲ್ ನಿಮಗೇ ಕಳಿಸ್ತೀನಿ" ಎನ್ನುತ್ತಿದ್ದಳು ಸರೋಜ.

"ಇನ್ನೊಂದ್ ನಿಮ್ಷ ಕಣಮ್ಮ. ಬಟಾಣಿ ಪ್ಯಾಕೆಟ್ ಮೇಲೆ ಹಿಮ ಎಂಗ್ ಕೂತದೆ ನೋಡಿ. ಬಂಡೆ ಮೇಲೂ ಇಂಗೇ ಕೂರ್ಬೇಕು."

ಊಹೆಯಿಂದ ಮುಖ ಬರೆಯುವುದು ಅವರ ಜಾಯಮಾನಕ್ಕೆ ಒಗ್ಗದು. ಎದುರಿಗೆ ಜೀವಂತ ಮುಖ ಬೇಕು. ನಾರ್ವೆಯವರು ಕೃಷ್ಣಮೂರ್ತಿಪುರಂನಲ್ಲಿ ವಿರಳ. ಆದ್ದರಿಂದ ನನ್ನ ತಲೆಗೆ ಮಂಕಿಟೋಪಿ ಏರಿಸಿ, ಡಿಸೆಂಬರಿನ ಸ್ವೆಟರ್ ತೊಡಿಸಿ, ಕೈಗೆ ಛತ್ರಿ ಕೊಟ್ಟು ಕಪ್ತಾನನನ್ನಾಗಿ ಮಾಡಿದರು. ಮೂವತ್ತು ವರ್ಷ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೂತು ಒಂದು ಮರವನ್ನೂ ಕಾಣದೆ ನಿವೃತ್ತನಾದ ನಾನು ಹೀಗೆ ವೃದ್ಧಾಪ್ಯದಲ್ಲಿ ನೌಕಾಪಡೆ ಸೇರಿದೆ. ಚಾಪೆಯ ಮೇಲೆ ಅಂಗಾತ ಮಲಗಿ ಮುಳುಗಿದ್ದೇನೆ. ಒಂದು ಸಲ ಮುಳುಗಿದ್ದು ಅವರಿಗೆ ಸಾಲಲಿಲ್ಲ, ಸಾಯುವ ಮುಖದಲ್ಲಿ ಇನ್ನೂ ಪಿಂಚಣಿಯ ನೆಮ್ಮದಿ ಇದೆ ಎಂದು ಮತ್ತೆ ಮುಳುಗಿಸಿದರು. ಸರೋಜಳಿಗೆ ಕೂದಲು ಬಿಚ್ಚಿಸಿ, ಕೈಯಲ್ಲಿ ತೆಂಗಿನಗರಿಯ ಪೊರಕೆ ಹಿಡಿಸಿ ನಿಲ್ಲಿಸಿದಾಗ ಅವಳು ಯಾವ ಪಾತ್ರವೆಂದು ಕೇಳಿದಳು. "ಸಮುದ್ರದ ದೇವತೆ ಕಣಮ್ಮ" ಎಂದರು. ಅವಳು ಪ್ರಸನ್ನಳಾಗಿ ನಿಂತಳು. "ಅಷ್ಟು ಪ್ರಸನ್ನ ಬೇಡಿ, ಹಾಲು ಉಕ್ಕೋಗಿರೋದು ಕಂಡಂಗೆ ನಿಂತ್ಕೊಳ್ಳಿ" ಎಂದರು.

ಮೂರನೆಯ ಮಾದರಿ ಚಾಮರಾಜಪುರಂನ ಜೋಯಿಸರು. ಇವರ ಹಿರಿಯರು ಅರಮನೆಗೆ ಮುಹೂರ್ತ ಇಟ್ಟುಕೊಟ್ಟವರು. ಇವರು ಬ್ಯಾಂಕಿನಲ್ಲಿ ಕ್ಯಾಷಿಯರಾಗಿದ್ದು, ನಿವೃತ್ತರಾದ ಮೇಲೆ ವಂಶದ ವಿದ್ಯೆಗೆ ಮರಳಿದವರು. ಪ್ರತಿದಿನ ಸಂಜೆ ಸ್ಕೂಟರಿನಲ್ಲಿ ನನ್ನ ಜಗಲಿಗೆ ಬಂದು ಕೂರುತ್ತಿದ್ದರು. ಅವರ ಗಡ್ಡವಿಲ್ಲದ ಉದ್ದ ಮುಖ ಆ ಹಳ್ಳಿಯ ಪಾದ್ರಿಗೆ ಒದಗಿತು. ಒಟ್ಟಿನಲ್ಲಿ ಆ ಪುಸ್ತಕದ ಮೀನುಗಾರರೆಲ್ಲ ಈಗ ತಾನೇ ಬಿಸಿಬೇಳೆಬಾತು ತಿಂದು ಎದ್ದವರಂತೆ ಕಾಣುತ್ತಾರೆ.

ಕೆಲಸ ಎಷ್ಟು ಮುಂದುವರಿಯಿತೆಂಬುದನ್ನು ಮಹಡಿಯವರು ದಿನವೂ ಮೆಟ್ಟಿಲ ಮೇಲೆ ನಿಂತು ವರದಿ ಮಾಡುತ್ತಿದ್ದರು. ಪುಟದ ಮಾತಾಡುತ್ತಿರಲಿಲ್ಲ, ಸಂಸಾರದ ಸುದ್ದಿ ಹೇಳುವಂತೆ ಹೇಳುತ್ತಿದ್ದರು. "ಇವತ್ತು ದೋಣಿ ಒಡೀತು ಸಾರ್." "ಪಾದ್ರಿಗೆ ಜ್ವರ ಬಂದ್ಬುಡ್ತು." ಒಮ್ಮೆ ಸೊಪ್ಪಿನ ರತ್ನಮ್ಮ ಬುಟ್ಟಿ ಇಳಿಸಿ ಕೂತಿದ್ದಾಗ ಮೇಲಿನಿಂದ ಕೂಗಿದರು: "ಬೆಳಗ್ಗೆ ಇಬ್ಬರನ್ನ ಮುಗಿಸ್ದೆ ಸಾರ್, ಸಂಜೆ ಒಳಗೆ ಇನ್ನೊಬ್ಬನ್ನ ಮುಳುಗಿಸ್ಬುಡ್ತೀನಿ." ರತ್ನಮ್ಮ ಅಂದು ಸರೋಜ ಕೇಳಿದ ಬೆಲೆಗೇ ಸೊಪ್ಪು ಕೊಟ್ಟು ಹೋದಳು. ಆಮೇಲೂ ಕೆಲವು ದಿನ ನಮ್ಮ ಮನೆಯ ಮುಂದೆ ಚೌಕಾಸಿಯೇ ನಡೆಯಲಿಲ್ಲ.

ಇಷ್ಟೆಲ್ಲ ತಮಾಷೆಯ ನಡುವೆ ಒಂದು ಗಂಡಾಂತರವಿತ್ತು. ಅದರ ಹೆಸರು ಕಪ್ಪೆ.

ಮಹಡಿಯವರ ಹೆಂಡತಿ ಮಂಜುಳ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸು. ಕಡಿಮೆ ಮಾತು, ನೇರ ಮಾತು. ಬೋಗಾದಿಯಲ್ಲಿ ಮಾರಾಟಕ್ಕಿದ್ದ ಎರಡು ಕೋಣೆಯ ಸಣ್ಣ ಮನೆಯೊಂದನ್ನು ಆಕೆಯೇ ಹುಡುಕಿದ್ದಳು. ಅದರ ಉತ್ತರದ ಗೋಡೆಗೆ ಗೋಡೆಯಗಲದ ಕಿಟಕಿ. ದಿನವಿಡೀ ಒಂದೇ ಸಮನಾದ ಬೆಳಕು, ಚಿತ್ರ ಬರೆಯುವವರಿಗೆ ವರ. ನಮ್ಮ ಮಹಡಿಯಲ್ಲಿ ಮಧ್ಯಾಹ್ನವಾದರೆ ಬಿಸಿಲು ನೇರ ಹಾಳೆಯ ಮೇಲೇ ಕೂತು, ಅವರು ಕೊಡೆ ಬಿಚ್ಚಿಕೊಂಡು ಬರೆಯಬೇಕಾಗಿತ್ತು. ಮುಂಗಡ ಕೊಟ್ಟಾಗಿತ್ತು. ಮಿಕ್ಕದ್ದನ್ನು ಆಷಾಢ ಹುಟ್ಟುವ ಮುಂಚೆ ಕೊಟ್ಟು ನೋಂದಣಿ ಮುಗಿಸಬೇಕು, ಇಲ್ಲವಾದರೆ ಬೇರೆಯವರು ಕಾದಿದ್ದಾರೆ ಎಂದು ಮನೆಯ ಯಜಮಾನರು ಹೇಳಿದ್ದರು. ಆ ಸಲ ಅಧಿಕ ಮಾಸದ ದೆಸೆಯಿಂದ ಆಷಾಢ ಜುಲೈ ನಡುವಿಗೆ ಜರುಗಿತ್ತು, ಅಷ್ಟೇ ಪುಣ್ಯ. ಕೊಡಬೇಕಾದ ಹಣವೆಲ್ಲ ನಾರ್ವೆ ಪುಸ್ತಕದ ಕೊನೆಯ ಕಂತಿನಿಂದ ಬರಬೇಕಾಗಿತ್ತು. ಅಂದಿನ ದರಕ್ಕೆ ಅದು ಸ್ವಲ್ಪ ಕಡಿಮೆ ಬೀಳುತ್ತಿತ್ತು. ಡಾಲರು ಚೂರು ಏರಿದರೆ ಸರಿಹೋಗುತ್ತಿತ್ತು.

ಏರದಿದ್ದರೆ, ಮನೆ ಕೈತಪ್ಪಿದರೆ, ಮಹಡಿಯವರು ಸಂಬಳದ ಕೆಲಸಕ್ಕೆ ಸೇರುವುದೆಂದು ಗಂಡಹೆಂಡಿರಲ್ಲಿ ಒಪ್ಪಂದವಾಗಿತ್ತು. ಶಾಲಾ ಪಾಠಗಳನ್ನು ಫೋನಿನಲ್ಲಿ ಕಲಿಸುವ ಕಂಪನಿಯೊಂದು ಜೀವಶಾಸ್ತ್ರದ ಚಿತ್ರ ಬರೆಯಲು ಕರೆದಿತ್ತು. ಪರೀಕ್ಷೆಗೆಂದು ಕಪ್ಪೆಯ ಜೀರ್ಣಾಂಗ ಬರೆಸಿತ್ತು. ಇವರು ಬರೆದರು. ಕರುಳು, ಜಠರ ಎಲ್ಲ ಸರಿಯಾಗಿದೆ, ಆದರೆ ಕಪ್ಪೆಯ ಮುಖದಲ್ಲಿ ದುಃಖ ಕಾಣುತ್ತಿದೆ, ಅದನ್ನು ತೆಗೆದರೆ ಕೆಲಸ ಖಾಯಂ ಎಂದು ಉತ್ತರ ಬಂದಿತ್ತು.

"ಹೊಟ್ಟೆ ಕುಯ್ದಿಟ್ಟವ್ರೆ ಸಾರ್. ದುಃಖ ಇರಲ್ವಾ ಅದ್ಕೆ."

"ನಾನೇನು ಕೆಟ್ಟವಳಲ್ಲ ಸಾರ್," ಎಂದಳು ಮಂಜುಳ ನನ್ನ ಕಡೆ ತಿರುಗಿ. "ಇನ್ನೆಷ್ಟು ವರ್ಷ ಬಾಡಿಗೆ ಮನೇಲಿ ಕೊಡೆ ಹಿಡ್ಕೊಂಡು ಬರೀತಾರೆ? ಮನೆ ಆದ್ರೆ ತಿಮಿಂಗಿಲ ಬರ್ಕೊಂಡಿರ್ಲಿ. ಆಗ್ಲಿಲ್ಲ ಅಂದ್ರೆ ಕಪ್ಪೆನೂ ದೇವರು ಮಾಡಿರೋದೇ."

ಜೂನ್ ಮೂರನೇ ವಾರದಲ್ಲಿ ಪುಸ್ತಕ ಮುಗಿಯಿತು. ಪ್ರಕಾಶಕರು ಪುಟಗಳನ್ನು ಮೆಚ್ಚಿ, ಬಿಲ್ಲು ಯಾವಾಗ ಬೇಕಾದರೂ ಕಳಿಸಿ, ಬಂದ ಕೂಡಲೇ ಹಣ ಹೊರಡುತ್ತದೆ ಎಂದು ಬರೆದರು. ಯಾವಾಗ ಬೇಕಾದರೂ ಎಂಬ ಮಾತು ನಮ್ಮ ಜನಕ್ಕೆ ಒಳ್ಳೆಯದಲ್ಲ. ಹಿಂದಿನ ಕಂತಿನ ಬಿಲ್ಲನ್ನು ಮಹಡಿಯವರು ಗೊತ್ತಿಲ್ಲದೆ ರಾಹುಕಾಲದಲ್ಲಿ ಕಳಿಸಿ, ಹಣ ಬರುವ ಹೊತ್ತಿಗೆ ರೂಪಾಯಿ ಎದ್ದು ಕೂತಿತ್ತು. ಈ ಸಲ ಜೋಯಿಸರನ್ನು ಕೇಳಿಯೇ ಕಳಿಸುವುದೆಂದು ತೀರ್ಮಾನವಾಯಿತು.

ಜೋಯಿಸರು ಜಗಲಿಯ ಮೇಲೆ ಕಾಲು ಮಡಚಿ ಕೂತು, ಬ್ಯಾಂಕಿನ ಗಾಜಿನ ಹಿಂದೆ ಕೂತವರ ಗಾಂಭೀರ್ಯದಿಂದ ಕೇಳಿದರು: "ದುಡ್ಡು ಹೊರಡೋದು ಎಲ್ಲಿಂದ?"

"ಅಲ್ಲಿಂದ."

"ಹಾಗಾದರೆ ಮೈಸೂರಿನ ರಾಹುಕಾಲ ಕಟ್ಟಿಕೊಂಡು ಏನಾಗಬೇಕು? ಸೂರ್ಯ ಹುಟ್ಟೋದರಿಂದ ಮುಳುಗೋವರೆಗೆ ಎಂಟು ಭಾಗ ಮಾಡಿದರೆ ಅದರಲ್ಲೊಂದು ರಾಹುಕಾಲ. ಆ ಊರಲ್ಲಿ ಸೂರ್ಯೋದಯ ಎಷ್ಟಕ್ಕೆ, ಅಸ್ತ ಎಷ್ಟಕ್ಕೆ, ನೋಡಿ ಹೇಳಿ."

ಮಹಡಿಯವರು ಫೋನಿನಲ್ಲಿ ನೋಡಿದರು. ಮತ್ತೆ ನೋಡಿದರು. "ಮುಳುಗಲ್ಲ ಅಂತದೆ ಜೋಯಿಸ್ರೇ."

"ಏನು ಮುಳುಗಲ್ಲ?"

"ಸೂರ್ಯ. ಮೇ ತಿಂಗಳಲ್ಲಿ ಹುಟ್ಟಿದೋನು ಜುಲೈವರ್ಗೂ ಮುಳುಗಲ್ವಂತೆ."

ಜೋಯಿಸರು ತಲೆ ತಗ್ಗಿಸಿ ಕಣ್ಣು ಮುಚ್ಚಿದರು. ಅವರ ವಂಶಕ್ಕೆ ಈ ಪ್ರಶ್ನೆ ಹಿಂದೆಂದೂ ಬಂದಿರಲಾರದು. ಅರಮನೆಯವರು ಇಂಥ ಊರಿಗೆ ಬಿಲ್ಲು ಕಳಿಸುತ್ತಿರಲಿಲ್ಲ. ಸರೋಜ ಕಾಫಿ ತಂದಿಟ್ಟಳು. ಅದು ಆರಿತು. ಕಡೆಗೆ ಅವರು ತಲೆಯೆತ್ತಿದಾಗ ಮುಖದಲ್ಲಿ ಒಂದು ತೇಜಸ್ಸಿತ್ತು.

"ಮುಳುಗಲಿಲ್ಲ ಅಂದರೆ ಹಗಲು ಮುಗಿದಿಲ್ಲ ಅಂತ ಅರ್ಥ. ಆ ಊರಿಗೆ ಇದೆಲ್ಲಾ ಸೇರಿ ಒಂದೇ ದಿನ. ಕೊನೇ ಸಲ ಹುಟ್ಟಿದ್ದು ಯಾವ ವಾರ?"

"ಬುಧವಾರ ಅಂತದೆ."

"ಹಾಗಾದರೆ ಅಲ್ಲಿ ಇನ್ನೂ ಬುಧವಾರವೇ. ಬುಧವಾರಕ್ಕೆ ಐದನೇ ಭಾಗ ರಾಹುಕಾಲ." ಬೆರಳ ಗೆಣ್ಣುಗಳ ಮೇಲೆ ಎಣಿಸಿದರು. ಎರಡು ತಿಂಗಳ ಹಗಲನ್ನು ಎಂಟು ಪಾಲು ಮಾಡಿ ಐದನೆಯದನ್ನು ಹಿಡಿದರು. ಆಮೇಲೆ, ರೋಗಿಯ ಕಡೆಯವರನ್ನು ಪಕ್ಕಕ್ಕೆ ಕರೆದ ವೈದ್ಯರ ದನಿಯಲ್ಲಿ ಹೇಳಿದರು: "ಇವತ್ತು ಬೆಳಗ್ಗೆ ಶುರುವಾಗಿದೆ. ಒಂದು ವಾರದ ಮೇಲೆ ಇರುತ್ತೆ."

"ರಾಹುಕಾಲ ಅಂದ್ರೆ ಒಂದೂವರೆ ಗಂಟೆ ಅಲ್ವಾ?" ಎಂದೆ.

"ನಿಮ್ಮ ಸೂರ್ಯನಿಗೆ ಕಣ್ರೀ ಒಂದೂವರೆ ಗಂಟೆ. ಅವರ ಸೂರ್ಯನ ಅಳತೆಯೇ ಬೇರೆ."

ಮಹಡಿಯವರು ಕೈಮುಗಿದು, ಒಂದು ವಾರ ತಾನೇ, ಕಾಯೋಣ ಎಂದರು.

ಮರುದಿನ ಬೆಳಗ್ಗೆ ಗಾರೆ ಉದುರಿತು. ಅದರ ಮರುದಿನ ಎರಡು ಕಡೆ ಉದುರಿತು. ಜಗತ್ತಿನ ಯಾವ ಮೂಲೆಯಲ್ಲಿ ಏನಾಯಿತೋ, ರೂಪಾಯಿ ಮೆಟ್ಟಿಲು ತಪ್ಪಿದವರಂತೆ ಬೀಳತೊಡಗಿತು. ಮನೆಗೆ ಬೇಕಾದಷ್ಟು, ಮನೆಯ ಮೇಲೆ ಒಂದು ನೀರಿನ ಟ್ಯಾಂಕಿಗೂ ಆಗುವಷ್ಟು ಡಾಲರು ಏರಿ ನಿಂತಿತು. ಬಿಲ್ಲು ಮಾತ್ರ ರಾಹುವಿನ ಬಾಯಲ್ಲಿತ್ತು. ಮಹಡಿಯವರು ದೋಸೆಗೂ ಕರೆಯದೆ ಮೆಟ್ಟಿಲ ಮೇಲೆ ಕೂತು, "ಇಷ್ಟೊಂದು ಬಿದ್ದದೆ ಸಾರ್, ಸುಮ್ನೆ ವ್ಯರ್ಥ ಆಯ್ತಾದೆ" ಎಂದು ಕೊರಗಿದರು. ದೇಶದ ಮಾತನ್ನು ಎತ್ತಲೇ ಇಲ್ಲ.

ದಾರಿ ಕಂಡದ್ದು ಸರೋಜಳಿಗೆ. "ಪ್ರಸ್ಥಾನ ಇಡಬಾರದಾ?" ಎಂದಳು ಸೊಪ್ಪು ಬಿಡಿಸುತ್ತ.

ನಮ್ಮ ಹಿಂದಿನವರಿಗೆ ಕೆಟ್ಟ ವೇಳೆಯಲ್ಲಿ ಊರಿಗೆ ಹೊರಡಲೇಬೇಕಾದರೆ, ಮುಂಚಿತವಾಗಿ ಒಳ್ಳೆಯ ಹೊತ್ತು ನೋಡಿ ಪೆಟ್ಟಿಗೆಯನ್ನು ಪಕ್ಕದ ಮನೆಯಲ್ಲಿಟ್ಟು ಬರುತ್ತಿದ್ದರು. ಅದಕ್ಕೆ ಪ್ರಸ್ಥಾನ ಎನ್ನುತ್ತಾರೆ. ಪೆಟ್ಟಿಗೆ ಮನೆ ಬಿಟ್ಟಿತೆಂದರೆ ಪ್ರಯಾಣ ಶುರುವಾದ ಲೆಕ್ಕ. ಆಮೇಲೆ ಯಾವ ಹೊತ್ತಿನಲ್ಲಿ ಹೊರಟರೂ ದೋಷವಿಲ್ಲ.

ಜೋಯಿಸರು ಸರೋಜಳನ್ನು ಹೊಸ ಗೌರವದಿಂದ ನೋಡಿದರು. ಬಿಲ್ಲು ಮಹಡಿಯಿಂದ ಕೆಳಗಿನ ಮನೆಗಷ್ಟೇ ಬರುವುದರಿಂದ ಅದಕ್ಕೆ ಮೈಸೂರಿನ ಸೂರ್ಯ ಸಾಕೆಂದರು. ಒಂದೇ ಷರತ್ತು: ಮನೆ ಬಿಟ್ಟ ಪೆಟ್ಟಿಗೆ ತಿರುಗಿ ಮನೆಗೆ ಬರಕೂಡದು, ಅಲ್ಲಿಂದಲೇ ಮುಂದೆ ಹೋಗಬೇಕು. ಹಾಗೆ ಅಮೃತ ಘಳಿಗೆಯೊಂದರಲ್ಲಿ ಮಹಡಿಯವರು ಮೇಲೆ ಗುಂಡಿ ಒತ್ತಿ, ಅವರ ಬಿಲ್ಲು ನನ್ನ ಇಮೇಲಿಗೆ ಬಂದು ತಂಗಿತು. ಸರೋಜ ಕಂಪ್ಯೂಟರಿಗೆ ಕುಂಕುಮ ಇಟ್ಟಳು. ಮರುದಿನ ನಾನು ಅದನ್ನು ನಾರ್ವೆಗೆ ಬೀಳ್ಕೊಟ್ಟೆ. ಜೊತೆಗೆ ಇಲಾಖೆಯಲ್ಲಿ ಕಲಿತ ಒಕ್ಕಣೆಯಲ್ಲಿ, ಲಗತ್ತಿಸಿದ ಬಿಲ್ಲನ್ನು ತಮ್ಮ ಅವಗಾಹನೆಗೂ ಶೀಘ್ರ ಪಾವತಿಗೂ ಸವಿನಯದಿಂದ ರವಾನಿಸಲಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದೆ.

ಸಂಜೆಯೊಳಗೆ ಉತ್ತರ ಬಂತು. ನೀವು ಯಾರು, ನಮ್ಮ ಕಲಾವಿದರ ಬಿಲ್ಲು ನಿಮ್ಮ ಬಳಿಗೆ ಹೇಗೆ ಬಂತು?

ನಾನು ವಿವರಿಸಿದೆ. ರಾಹು ಯಾರು, ಅವನಿಗೂ ಸೂರ್ಯನಿಗೂ ಇರುವ ಹಳೆಯ ದ್ವೇಷ, ನಿಮ್ಮ ಊರಿನ ಬುಧವಾರ ಇನ್ನೂ ಮುಗಿಯದಿರುವುದು, ಪ್ರಸ್ಥಾನದ ವಿಧಿ, ಎಲ್ಲವನ್ನೂ ಏನೂ ಬಿಡದೆ ಬರೆದೆ. ಇಷ್ಟು ಸ್ಪಷ್ಟವಾದ ಪತ್ರವನ್ನು ನಾನು ಸೇವೆಯಲ್ಲಿದ್ದಾಗಲೂ ಬರೆದಿರಲಿಲ್ಲ. ಅದನ್ನು ಓದಿದ ಅವರು, ಮುದುಕನೊಬ್ಬ ಜ್ಯೋತಿಷಿಯೊಬ್ಬನ ಜೊತೆ ಸೇರಿ ತಮ್ಮ ಕಲಾವಿದರನ್ನು ಕೂಡಿಹಾಕಿಕೊಂಡಿದ್ದಾನೆಂಬ ನಿರ್ಧಾರಕ್ಕೆ ಬಂದರು. ಕಲಾವಿದರನ್ನು ಕಣ್ಣಾರೆ ನೋಡುವವರೆಗೆ ಹಣ ಕಳಿಸುವುದಿಲ್ಲ, ನಾಳೆ ವಿಡಿಯೊ ಕರೆಯಲ್ಲಿ ಎಲ್ಲರೂ ಹಾಜರಿರಬೇಕು ಎಂದರು.

ಎಲ್ಲರೂ ಹಾಜರಾದೆವು. ನಾನು ಇಸ್ತ್ರಿ ಅಂಗಿ, ಸರೋಜ ಮೈಸೂರು ರೇಷ್ಮೆ, ಜೋಯಿಸರು ಶಾಲು, ನಡುವೆ ಮಹಡಿಯವರು ಬಂಧಿಯಂತೆ. ತೆರೆಯ ಮೇಲೆ ಸಂಪಾದಕಿ ಕಾಣಿಸಿಕೊಂಡಳು. ಮಾತೆತ್ತಲು ಬಾಯಿ ತೆರೆದವಳು ನನ್ನನ್ನು ನೋಡಿ ತೆರೆಯ ಹತ್ತಿರಕ್ಕೆ ಬಾಗಿದಳು.

"ನೀವು," ಎಂದಳು ಇಂಗ್ಲಿಷಿನಲ್ಲಿ. "ನೀವು ಮುಳುಗಿ ಸತ್ತಿರಿ."

"ಎರಡು ಸಲ" ಎಂದೆ.

ಅವಳ ಕಣ್ಣು ಜೋಯಿಸರ ಮೇಲೆ ಹೋಯಿತು. "ಪಾದ್ರಿ" ಎಂದಳು. ಆಮೇಲೆ ಸರೋಜಳನ್ನು ನೋಡಿ, ಕುರ್ಚಿಯಿಂದೆದ್ದು ಆಚೆ ಕೋಣೆಯವರನ್ನು ಕೂಗಿದಳು. ಒಂದಿಡೀ ಕಚೇರಿ ತೆರೆಯೊಳಗೆ ಇಣುಕಿ, ಮಾಟಗಾತಿ ಬಂದಿದ್ದಾಳೆಂದು ಒಬ್ಬರಿಗೊಬ್ಬರು ತೋರಿಸಿಕೊಂಡು ಕೈಬೀಸಿತು. ವರ್ಷವಿಡೀ ಆ ಮುಖಗಳ ಜೊತೆ ಬಾಳಿದವರು ಅವರು. ಊರವರೇ ಸಿಕ್ಕಷ್ಟು ಖುಷಿಪಟ್ಟರು.

ಸರೋಜಳಿಗೆ ಇಂಗ್ಲಿಷ್ ಚೆನ್ನಾಗಿ ತಿಳಿಯುತ್ತದೆ. ಕೈಬೀಸುತ್ತಲೇ, ತುಟಿ ಅಲುಗಿಸದೆ ಕೇಳಿದಳು: "ಮಹಡಿಯವರೇ, ನಾನು ದೇವತೆ ಅಂದಿದ್ರಲ್ಲ?"

"ಅವ್ರ ಕಡೆ ಎಲ್ಡೂ ಒಂದೇ ಕಣಮ್ಮ."

"ಇವತ್ತಿಂದ ಸಾರು ಬಂದ್."

ಜೋಯಿಸರಿಗೆ ಇದಾವುದರ ಮೇಲೂ ಗಮನವಿರಲಿಲ್ಲ. "ಆ ಮುಳುಗದವನು ಎಲ್ಲಿದ್ದಾನೆ ಕೇಳಿ" ಎಂದು ನನ್ನ ಮೊಣಕೈ ತಿವಿದರು. ಕೇಳಿದೆ. ಸಂಪಾದಕಿ ಫೋನನ್ನು ಕಿಟಕಿಯತ್ತ ತಿರುಗಿಸಿದಳು. ಕಡಲಿನಾಚೆಯ ಬೆಟ್ಟದ ಮೇಲೆ, ಮೇ ತಿಂಗಳಿಂದ ಮನೆಗೆ ಹೋಗದ ಸೂರ್ಯನಾರಾಯಣಸ್ವಾಮಿ ಕೂತಿದ್ದರು. ಜೋಯಿಸರು ಎದ್ದು ನಿಂತು ಕಂಪ್ಯೂಟರಿಗೆ ನಮಸ್ಕಾರ ಮಾಡಿದರು. ಆ ಕಡೆ ಇಬ್ಬರು ತಿರುಗಿ ನಮಸ್ಕರಿಸಿದರು.

ಸಂಶಯ ತೀರಿತು. ಹಣ ಮಾತ್ರ ಹೊರಡಲಿಲ್ಲ. ಗುರುತು ಹಿಡಿದವರು ಪುಸ್ತಕ ಮಾಡುವವರು, ಹಣ ಕೊಡುವವರು ಲೆಕ್ಕದವರು. ಲೆಕ್ಕದವರು ಪುಸ್ತಕ ಓದುವುದಿಲ್ಲ. ಕಪ್ತಾನ ಬದುಕಿರುವುದು ಸಂತೋಷವೇ, ಆದರೆ ಬಿಲ್ಲು ಕಲಾವಿದರ ಇಮೇಲಿನಿಂದಲೇ ಬರಬೇಕು ಎಂದರು.

"ಆಗಲ್ಲ," ಎಂದರು ಜೋಯಿಸರು. "ಪ್ರಸ್ಥಾನಕ್ಕೆ ಬಿಟ್ಟ ಪೆಟ್ಟಿಗೆ ತಿರುಗಿ ಮನೆಗೆ ಹೋಗೋ ಹಾಗಿಲ್ಲ. ರಾಹುಕಾಲ ಮುಗಿಯೋವರೆಗೆ ಕೂತಿರಿ."

ಕೂತೆವು. ಅಷ್ಟರಲ್ಲಿ ರೂಪಾಯಿ ಏಳತೊಡಗಿತ್ತು. ಎರಡು ಬೆಳಗ್ಗೆ ಮೇಲಿನಿಂದ ಸದ್ದೇ ಇಲ್ಲ. ನಾನು ಆ ವಾರದಲ್ಲಿ ಮೊದಲ ಬಾರಿಗೆ ಶುದ್ಧವಾದ ಕಾಫಿ ಕುಡಿದೆ, ಅರ್ಧಕ್ಕೇ ಲೋಟ ಇಟ್ಟು ಎದ್ದೆ. ಮಹಡಿಗೆ ಹೋಗಿ ನೋಡಿದರೆ ಅವರು ಹಾಳೆ ಹರಡಿಕೊಂಡು ಕಪ್ಪೆ ಬರೆಯುತ್ತಿದ್ದರು. ಈ ಸಲ ಅದರ ಮುಖದಲ್ಲಿ ಏನೂ ಇರಲಿಲ್ಲ. ಕಣ್ಣಿದ್ದವು, ಬಾಯಿತ್ತು, ಅಷ್ಟೇ.

"ಸರಿಯಾಗಿ ಬಂದದೆ ಅಲ್ವಾ ಸಾರ್" ಎಂದರು. ನಾನು ಹೌದೆನ್ನಬೇಕಾಯಿತು.

ಸಂಜೆ ಜೋಯಿಸರೂ ಮೇಲೆ ಬಂದು ಕೂತಿದ್ದಾಗ ಮಂಜುಳ ಡ್ಯೂಟಿ ಮುಗಿಸಿ ಬಂದಳು. ಚೀಲ ಇಳಿಸಿ, ಮೇಜಿನ ಮೇಲಿದ್ದ ಕಪ್ಪೆಯನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದಳು.

"ಇದು ಯಾರು ಬರೆದಿದ್ದು?"

"ನಾನೇ."

"ನೀವಾ?" ಎಂದಳು. ಹಾಳೆಯನ್ನು ಬೋರಲು ಹಾಕಿದಳು. "ಬಿಲ್ಲು ಎಲ್ಲಿದೆ?"

"ಕೆಳಗಡೆ ಪ್ರಸ್ಥಾನದಲ್ಲಿ."

"ಅದು ಕೆಳಗಡೇನೇ ಇರ್ಲಿ, ಜೋಯಿಸರ ಮಾತು ಯಾಕೆ ಮೀರಬೇಕು. ಹೊಸದೊಂದು ಮಾಡಿ."

ಮಹಡಿಯವರು ಜೋಯಿಸರ ಮುಖ ನೋಡಿದರು. ಜೋಯಿಸರು ಚಾವಣಿ ನೋಡಿದರು. ಮಹಡಿಯವರು ಸ್ವಲ್ಪ ಹೊತ್ತು ಪೆನ್ನಿನ ತುದಿ ಕಡಿದು, ಆಮೇಲೆ ಕಂಪ್ಯೂಟರನ್ನು ಹತ್ತಿರಕ್ಕೆ ಎಳೆದುಕೊಂಡರು. "ತಪ್ಪು ತಿಳ್ಕಬೇಡಿ ಜೋಯಿಸ್ರೇ. ದರ ಇನ್ನೂ ಇಳಿದ್ರೆ ನಾನು ಇಂಥ ಕಪ್ಪೆಗಳನ್ನೇ ಬರ್ಕೊಂಡಿರ್ಬೇಕಾಯ್ತದೆ. ಅದ್ಕಿಂತ ರಾಹುನೇ ವಾಸಿ."

"ನಾನು ಇಲ್ಲಿಗೆ ಬಂದೇ ಇಲ್ಲ ಕಣಯ್ಯ," ಎಂದರು ಜೋಯಿಸರು ಚಾವಣಿಯಿಂದ ಕಣ್ಣು ಕೀಳದೆ. "ಕಳಿಸು."

ಅಲ್ಲಿಯ ಬುಧವಾರದ ಅಪರಾಹ್ನ, ಸಾಕ್ಷಾತ್ ರಾಹುಕಾಲದಲ್ಲಿ, ಬಿಲ್ಲು ಹೋಯಿತು.

ಹಣ ಜುಲೈ ಮೊದಲ ವಾರದಲ್ಲಿ ಬಂತು. ಆ ಹೊತ್ತಿಗೆ ಡಾಲರು ಪುಸ್ತಕ ಮುಗಿದ ದಿನ ಎಲ್ಲಿತ್ತೋ ಹೆಚ್ಚುಕಡಿಮೆ ಅಲ್ಲಿಗೇ ಇಳಿದಿದ್ದರಿಂದ, ಕೊಡಬೇಕಾದ್ದರಲ್ಲಿ ಸ್ವಲ್ಪ ಕಡಿಮೆಯೇ ಬಿತ್ತು. ಮಂಜುಳ ಹೋಗಿ ಮನೆಯ ಯಜಮಾನರ ಜೊತೆ ಮಾತಾಡಿದಳು. ಹೊರಗೋಡೆಗೆ ಬಣ್ಣ ಬಳಿಸಿಕೊಡುವುದನ್ನು ಕೈಬಿಟ್ಟು ಅಷ್ಟನ್ನು ಬೆಲೆಯಲ್ಲಿ ಕಡಿಮೆ ಮಾಡಲು ಅವರು ಒಪ್ಪಿದರು. ಆಷಾಢಕ್ಕೆ ಮುಂಚೆ ನೋಂದಣಿಯಾಯಿತು. ಗೋಡೆಗೆ ಇನ್ನೂ ಬಣ್ಣ ಹೊಡೆಸಿಲ್ಲ.